ಹತ್ತು ಬೆರಳಿನ ಗ್ರಾಮಸಭೆ

ನಮ್ಮ ಮನೆಯಲ್ಲಿ ಪಂಚಾಯಿತಿ ಅಧ್ಯಕ್ಷೆ ಇದ್ದರು. ಅವರು ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು ಮನೆ ಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದರು. ಅವರು ನನ್ನ ದೊಡ್ಡವ್ವ. ಆ ಸಲ ನಮ್ಮ ಊರಿನ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ದೊಡ್ಡಪ್ಪ ತಾನು ನಿಲ್ಲಲಾಗದೆ ಹೆಂಡತಿಯನ್ನು ನಿಲ್ಲಿಸಿದ. ಊರವರು ದೊಡ್ಡಪ್ಪನ ಮುಖ ನೋಡಿ ದೊಡ್ಡವ್ವನಿಗೆ ಮತ ಹಾಕಿದರು. ಪಂಚಾಯಿತಿಯ ಕಾಗದ ಬಂದಾಗೆಲ್ಲ ದೊಡ್ಡಪ್ಪ ಪಡಸಾಲೆಯಿಂದಲೇ ಕರೆಯುತ್ತಿದ್ದ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಬಾಗಿಲ ಮರೆಯಲ್ಲೇ ನಿಂತು, ಎಡಗೈಯೊಂದನ್ನೇ ಹೊರಗೆ ಚಾಚುತ್ತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡಾದ ಮೇಲೆ ಒಳಗೆ ಹೋಗಿ, ಬೂದಿ ಹಚ್ಚಿ ಶಾಯಿ ತಿಕ್ಕಿ ತೊಳೆದು, ಮತ್ತೆ ಹಂಚಿನ ಮುಂದೆ ಕೂರುತ್ತಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಅವಳು ಒಮ್ಮೆಯೂ ಕೇಳಿದ್ದು ನನಗೆ ನೆನಪಿಲ್ಲ.

ಕುಕನೂರಿನಿಂದ ಇಟಗಿ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ನಮ್ಮ ಊರು. ಮನೆ ಮಣ್ಣಿನ ಮಾಳಿಗೆಯದು, ಗೋಡೆಗಳು ಎರಡು ಮೊಳ ದಪ್ಪ. ಮುಂದೆ ಕಟ್ಟೆ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ನಡುಮನೆ. ನಡುಮನೆಗೆ ಕಿಟಕಿಯೇ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅಷ್ಟೆ. ಅದರಿಂದ ಇಳಿದ ಬಿಸಿಲು ತಟ್ಟೆಯಷ್ಟು ಅಗಲವಾಗಿ ನೆಲದ ಮೇಲೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಜೋಳದ ಚೀಲಗಳ ತನಕ ತೆವಳಿ, ಆಮೇಲೆ ಇಲ್ಲವಾಗುತ್ತಿತ್ತು. ನಮ್ಮ ಹೆಣ್ಣುಮಕ್ಕಳ ಬದುಕೆಲ್ಲ ಆ ನಡುಮನೆ ಮತ್ತು ಅಡಿಗೆಮನೆಗಳ ನಡುವೆ. ದೊಡ್ಡಪ್ಪ ಪಡಸಾಲೆಯಲ್ಲಿ ಇದ್ದರೆ ನಾವು ಅಲ್ಲಿಗೆ ಹಾಯುತ್ತಿರಲಿಲ್ಲ. ಹೊರಗೆ ಹೋಗಬೇಕೆಂದರೆ ಹಿತ್ತಲ ಬಾಗಿಲು. ಗಂಡಸರು ಉಂಡ ಮೇಲೆ ಮಕ್ಕಳು, ಮಕ್ಕಳ ನಂತರ ದೊಡ್ಡವ್ವ, ಎಲ್ಲರದೂ ಆದ ಮೇಲೆ ನನ್ನ ಅವ್ವ. ಅವಳ ಪಾಲಿಗೆ ಪುಂಡಿಪಲ್ಯ ಉಳಿದರೆ ಉಂಟು, ಇಲ್ಲದಿದ್ದರೆ ಕಟಕು ರೊಟ್ಟಿ ಮತ್ತು ಕೆಂಪು ಹಿಂಡಿ. ಅಪ್ಪ ಮುನಿರಾಬಾದಿನಲ್ಲಿ ಕಾಲುವೆಯ ಕೆಲಸದಲ್ಲಿದ್ದ. ಹದಿನೈದು ದಿನಕ್ಕೊಮ್ಮೆ ಬಂದು, ಅಣ್ಣನ ಎದುರಿಗೆ ಎರಡು ಮಾತು ಆಡಿದರೆ ಹೆಚ್ಚು, ಆಡದೆ ಹೋದರೆ ರೂಢಿ ಎಂಬಂತೆ ಇದ್ದು, ಸೋಮವಾರ ಮತ್ತೆ ಹೋಗಿಬಿಡುತ್ತಿದ್ದ.

ದೊಡ್ಡಪ್ಪನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇದು ಊರಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅವನು ಶಾಲೆಗೆ ಹೋದದ್ದು ನಿಜಾಮರ ಕಾಲದಲ್ಲಿ, ಎರಡು ವರ್ಷ, ಉರ್ದು ಶಾಲೆಗೆ. ಕನ್ನಡದಲ್ಲಿ ತನ್ನ ಸಹಿಯನ್ನು ಮಾತ್ರ ಚಿತ್ರ ಬಿಡಿಸಿದ ಹಾಗೆ ಮಾಡುತ್ತಿದ್ದ. ಅದಕ್ಕೇ ಇರಬೇಕು, ಬರಹದ ಮೇಲೆ ಅವನಿಗೆ ಭಯ ಬೆರೆತ ನಂಬಿಕೆ ಇತ್ತು. ಅವನು ಸಣ್ಣವನಿದ್ದಾಗ ಯಾರದೋ ಹೊಲ ಬರಹ ಒಂದರಿಂದಲೇ ಇನ್ಯಾರದೋ ಆದದ್ದನ್ನು ಕಂಡಿದ್ದನಂತೆ. ಕಾಗದದ ಮೇಲೆ ಬಂದದ್ದು ಖರೆ, ಬರದೇ ಇದ್ದದ್ದು ಬರೀ ಮಾತು ಎಂದು ಹೇಳುತ್ತಿದ್ದ. ಪಂಚಾಯಿತಿಯ ಕಾರ್ಯದರ್ಶಿಗೆ ನಾಲ್ಕು ಊರುಗಳ ಕೆಲಸ ಇತ್ತು. ಅವರು ನಡಾವಳಿ ಪುಸ್ತಕವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಸಭೆಯಲ್ಲಿ ಯಾರು ಬಂದರು, ಏನು ಠರಾವು ಆಯಿತು ಎಂದು ಬರೆಯುವ ಪುಸ್ತಕ ಅದು. ಬರೆಯಲು ಮನೆಯಲ್ಲಿ ಯಾರಾದರೂ ಬೇಕಿತ್ತು. ನನಗೆ ಹನ್ನೊಂದು ವರ್ಷ, ಆರನೆಯ ಇಯತ್ತೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು.

ಮೊದಲ ಸಲ ಬರೆದ ದಿನ ನನಗಾದ ಹಿಗ್ಗನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದೊಡ್ಡಪ್ಪ ನನ್ನನ್ನು ಪಡಸಾಲೆಗೆ ಕರೆದ, ತನ್ನ ಹೊರಸಿನ ತುದಿಯಲ್ಲಿ ಕೂರಿಸಿದ. ಆ ಹೊರಸಿನ ಮೇಲೆ ಅಪ್ಪನೂ ಕೂತದ್ದನ್ನು ನಾನು ನೋಡಿರಲಿಲ್ಲ. ಕುಕನೂರು ಸಂತೆಯಿಂದ ನನಗೆಂದೇ ಒಂದು ಮಸಿ ಪೆನ್ನು ತಂದಿದ್ದ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಈ ದಿವಸ ಸದರಿ ಗ್ರಾಮದ ಸಮಸ್ತ ಜನರು ಸೇರಿ, ಅಧ್ಯಕ್ಷರ ಅಪ್ಪಣೆಯ ಮೇರೆಗೆ, ಯಾವ ತಕರಾರೂ ಇಲ್ಲದೆ ಮಂಜೂರು ಮಾಡಿದ್ದು. ಆ ದಿವಸ ಯಾರೂ ಸೇರಿರಲಿಲ್ಲ. ಅಧ್ಯಕ್ಷೆ ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಸಪ್ಪಳ ನನಗೆ ಕೇಳಿಸುತ್ತಿತ್ತು. ನಾನು ಅದನ್ನು ಸುಳ್ಳು ಎಂದುಕೊಳ್ಳಲಿಲ್ಲ. ಶುದ್ಧಬರಹ ಬರೆದ ಹಾಗೆ ಎಂದುಕೊಂಡೆ. ಬರೆದು ಮುಗಿದ ಮೇಲೆ ಹಾಜರಿದ್ದವರ ಹೆಸರು. ಹೆಸರುಗಳ ಮುಂದೆ ಹೆಬ್ಬೆಟ್ಟು. ದೊಡ್ಡಪ್ಪ ಶಾಯಿಯ ಪ್ಯಾಡನ್ನು ನನ್ನ ಕಡೆಗೆ ಸರಿಸಿ, ಒಂದೊಂದು ಹೆಸರಿಗೆ ಒಂದೊಂದು ಬೆರಳು ಒತ್ತಲು ಹೇಳಿದ. ಹತ್ತು ಬೆರಳು ಮುಗಿದ ಮೇಲೆ ಮತ್ತೆ ಮೊದಲಿಂದ, ಸ್ವಲ್ಪ ಓರೆ ಮಾಡಿ. ಹೀಗೆ ನಮ್ಮ ಊರಿನ ನಲವತ್ತು ಜನ ನನ್ನ ಹತ್ತು ಬೆರಳಿನಲ್ಲಿ ಬಂದು ಹಾಜರಾದರು. ಕೆಲವೇ ತಿಂಗಳಲ್ಲಿ ನಾನು ಅಂಥ ನಾಲ್ಕು ಗ್ರಾಮಸಭೆ ನಡೆಸಿದೆ.

ಏಳನೆಯದು ಮುಗಿದ ಮೇಲೆ ನನ್ನನ್ನು ಕುಕನೂರಿನ ಹೈಸ್ಕೂಲಿಗೆ ಕಳಿಸುವುದಾಗಿ ದೊಡ್ಡಪ್ಪ ಮಾತು ಕೊಟ್ಟಿದ್ದ. ನಮ್ಮ ಮನೆತನದಲ್ಲಿ ಯಾವ ಹುಡುಗಿಯೂ ಅಷ್ಟು ದೂರ ಓದಿರಲಿಲ್ಲ. ಆ ಮಾತು ಒಂದು ಹಗ್ಗದ ಹಾಗೆ ಇತ್ತು. ಅದನ್ನು ಹಿಡಿದುಕೊಂಡು ಮೇಲೆ ಹತ್ತಬಹುದು ಎಂದು ನಾನು ಎಣಿಸಿದ್ದೆ. ಅದು ನನ್ನ ಸೊಂಟಕ್ಕೆ ಕಟ್ಟಿದ್ದು ಎಂಬುದು ಶಾಲೆಯಲ್ಲಿ ಒಂದು ಮಧ್ಯಾಹ್ನ ಗೊತ್ತಾಯಿತು. ನಮ್ಮ ಮಾಸ್ತರರು ಕುಷ್ಟಗಿ ಕಡೆಯವರು, ಸಣಕಲು ಮನುಷ್ಯ, ಪಾಠದ ನಡುವೆ ಪುಸ್ತಕ ಮಡಚಿಟ್ಟು ಪ್ರಶ್ನೆ ಕೇಳುವ ಚಟ. ಅವತ್ತು ಪೌರನೀತಿಯ ಪಾಠ. ಗ್ರಾಮಸಭೆ ಎಂದರೆ ಊರಿನ ವಯಸ್ಕರೆಲ್ಲ ಕೂಡಿ ಕೂತು, ಎಲ್ಲರೂ ಕೇಳುವ ಹಾಗೆ ಮಾತಾಡಿ ತೀರ್ಮಾನ ಮಾಡುವುದು ಎಂದು ಓದಿಸಿದರು. ಆಮೇಲೆ ಪುಸ್ತಕ ಮಡಚಿ, ನಮ್ಮೂರಲ್ಲಿ ಅದು ನಡೆದದ್ದನ್ನು ಯಾರು ನೋಡಿದ್ದೀರಿ ಎಂದು ಕೇಳಿದರು. ಕೆಳಗಿನ ಓಣಿಯ ರಜಿಯಾ ಎದ್ದು ನಿಂತಳು. ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂರುವವರು.

"ನಮ್ಮೂರಾಗ ಅದು ಒಮ್ಮಿನೂ ಆಗಿಲ್ರಿ ಸರ್. ನಮ್ಮವ್ವನ್ನ ಕೇಳೀನಿ."

ಮಾಸ್ತರರು ನನ್ನ ಕಡೆ ನೋಡಿದರು, ಅಧ್ಯಕ್ಷೆಯ ಮನೆಯ ಹುಡುಗಿ ಎಂದು. ಎಲ್ಲರೂ ನೋಡಿದರು. ನಾನು ಎದ್ದು ನಿಂತೆ. ಕೈಗಳನ್ನು ಲಂಗದ ಹಿಂದೆ ಇಟ್ಟುಕೊಂಡಿದ್ದೆ, ಬೆರಳುಗಳಲ್ಲಿ ಇನ್ನೂ ನೇರಳೆ ಬಣ್ಣ ಇತ್ತು.

"ಆಗ್ಯಾವ್ರಿ ಸರ್. ನಾಲ್ಕು ಆಗ್ಯಾವ. ಇವರವ್ವನೂ ಬಂದಿದ್ಲು. ಬುಕ್ಕಿನಾಗ ಹೆಸರೈತಿ."

ಹುಡುಗರು ನಕ್ಕರು. ಮಾಸ್ತರರು ರಜಿಯಾಳಿಗೆ ಕೂರಲು ಸನ್ನೆ ಮಾಡಿದರು. ಅವಳು ಕೂತಳು, ಆದರೆ ಮಣೆಯ ಆ ತುದಿಗೆ. ಶಾಲೆ ಬಿಟ್ಟಾಗ ಅವಳು ನನ್ನ ಕೈಗಳನ್ನು ನೋಡಿದ್ದು ನನಗೆ ಗೊತ್ತು. ಮನೆಗೆ ಹೋಗಿ ಬೂದಿ ಹಚ್ಚಿ ಬೆರಳು ಉರಿಯುವ ತನಕ ತಿಕ್ಕಿದೆ. ಯಾರಿಗೆ ಹೇಳಲಿ? ಹೇಳಿದರೆ ಹೈಸ್ಕೂಲು ಹೋಗುತ್ತದೆ. ಹೇಳದೆ ಇದ್ದರೆ ಐದನೆಯ ಸಭೆ ಬರೆಯಬೇಕು. ಆ ವಾರ ನನಗೆ ಅನ್ನ ಸೇರಲಿಲ್ಲ. ದೊಡ್ಡವ್ವ ನನಗೆ ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಐದನೆಯ ಸಭೆ ಬಂದೇ ಬಂತು. ಕೆಳಗಿನ ಓಣಿಗೆ ನೀರಿನ ಟಾಕಿ ಕಟ್ಟಲು ತಾಲೂಕಿನಿಂದ ಮಂಜೂರಾಗಿತ್ತು. ಅಲ್ಲಿಯ ಹೆಣ್ಣುಮಕ್ಕಳು ಊರ ಹೊರಗಿನ ಬಾವಿಯಿಂದ ಕೊಡ ಹೊತ್ತು ಏರು ಹತ್ತುತ್ತಿದ್ದರು. ಟಾಕಿ ನಮ್ಮ ಮನೆಯ ಮುಂದೆ ಆದರೆ ಊರಿಗೇ ಶೋಭೆ, ದನಗಳಿಗೂ ಅನುಕೂಲ ಎಂದು ದೊಡ್ಡಪ್ಪನ ವಿಚಾರ. ಕೆಳಗಿನ ಓಣಿಯವರೇ ಬಂದು, ನಮ್ಮಲ್ಲಿ ಜಾಗ ಇಲ್ಲ, ಮೇಲಿನ ಓಣಿಯಲ್ಲೇ ಕಟ್ಟಿರಿ ಎಂದು ಒಪ್ಪಿದರು ಎಂದು ನಾನು ಬರೆದೆ. ಅವರ ಹೆಸರುಗಳನ್ನು ಒಂದೊಂದಾಗಿ ಬರೆದೆ. ರಜಿಯಾಳ ಅವ್ವ ಹುಸೇನಬಿಯ ಹೆಸರು ಬರೆದು, ಬಲಗೈಯ ತೋರುಬೆರಳು ಒತ್ತಿದೆ. ಹೆಣ್ಣುಮಕ್ಕಳ ಹೆಸರು ಕಡಿಮೆ ಬಿದ್ದವು ಎಂದು ದೊಡ್ಡಪ್ಪ ನನ್ನ ಅವ್ವನ ಹೆಸರನ್ನೂ ಸೇರಿಸಲು ಹೇಳಿದ. ಅವ್ವ ಹೇಗೂ ಓದುವವಳಲ್ಲ ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ.

ಆದರೆ ಅವ್ವ ಆಗಲೇ ಐದು ತಿಂಗಳಿಂದ ಓದು ಕಲಿಯುತ್ತಿದ್ದಳು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಶಾಲೆಯ ಜಗುಲಿಯಲ್ಲಿ ಮಾಸ್ತರರು ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಅರಿವೆ ಒಗೆಯಲು ಹೋಗುತ್ತೇನೆ ಎಂದು ಅವ್ವ ಹಿತ್ತಲ ಬಾಗಿಲಿನಿಂದ ಹೋಗಿ, ಒದ್ದೆ ಅರಿವೆಯ ಗಂಟಿನ ಜೊತೆ ಜಗುಲಿಯ ಮೂಲೆಯಲ್ಲಿ ಕೂತು ಬರುತ್ತಿದ್ದಳು. ದೊಡ್ಡವ್ವನಿಗೆ ಅದು ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ನನಗೆ ಮಾತ್ರ ತಿಳಿದಿರಲಿಲ್ಲ. ಒಂದು ದಿನ ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದಾಗ ನಡುಮನೆಯ ಆ ತಟ್ಟೆಯಷ್ಟು ಬಿಸಿಲಿನಲ್ಲಿ ಅವ್ವ ನಡಾವಳಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಬೆರಳು ಒಂದು ಸಾಲಿನ ಕೆಳಗೆ ನಿಂತಿತ್ತು. ತುಟಿಗಳು ಅಲುಗುತ್ತಿದ್ದವು. ಶಾಂ, ತ, ವ್ವ. ಮತ್ತೆ ಮೊದಲಿಂದ. ನನ್ನನ್ನು ಕಂಡು ಅವಳು ಪುಸ್ತಕ ಮುಚ್ಚಲಿಲ್ಲ.

"ಇದು ನನ್ನ ಹೆಸರಲ್ಲೇನ?"

"ಹೂಂ."

"ನಾ ಅಲ್ಲಿ ಹೋಗಿದ್ನೇನು?"

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಮುಂದಿನ ಬಟ್ಟು ಯಾರ್ದು, ನೀಲಾ?"

ನಾನು ಎಡಗೈಯ ಕಿರುಬೆರಳು ತೋರಿಸಿದೆ. ಅವ್ವ ನನ್ನ ಕೈ ಹಿಡಿದು ಆ ಬೆರಳನ್ನು ಬಹಳ ಹೊತ್ತು ನೋಡಿದಳು. ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಪುಟ ತಿರುವಿ, ಉಳಿದ ಹೆಸರುಗಳನ್ನೂ ಓದಿಸಿಕೊಂಡಳು. ಆಮೇಲೆ ಅಂದದ್ದು ಇಷ್ಟೇ: "ನಾ ಇಷ್ಟು ಕಷ್ಟಪಟ್ಟು ಓದಾಕ ಕಲ್ತು, ಮೊದಲ ಓದಿದ್ದು ನಿನ್ನ ಸುಳ್ಳು."

ಟಾಕಿಯ ಪಾಯ ನಮ್ಮ ಮನೆಯ ಮುಂದೆ ತೋಡಿದ ದಿನ ಕೆಳಗಿನ ಓಣಿಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಬಂದರು. ಮುಂದೆ ಹುಸೇನಬಿ, ಅವಳ ಪಕ್ಕದಲ್ಲಿ ರಜಿಯಾ. ಬೆಳಗಿನ ಹೊತ್ತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಸಮಾಧಾನದಿಂದಲೇ ಮಾತಾಡಿದ. ನೀವೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದೀರಿ, ಬೇಕಿದ್ದರೆ ನೋಡಿರಿ ಎಂದು ಪುಸ್ತಕ ತರಿಸಿ ಬಿಚ್ಚಿ ಹಿಡಿದ. ಅವರು ನೋಡಿದರು. ನೋಡಿ ಏನು ಮಾಡಬೇಕು? ಅವರಿಗೆ ಅದು ಕಪ್ಪು ಗೆರೆಗಳು. ಹಿಡಿದವನಿಗೂ ಅಷ್ಟೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹುಸೇನಬಿ ತನ್ನ ಹೆಬ್ಬೆಟ್ಟನ್ನು ತಾನೇ ತಿರುಗಿಸಿ ನೋಡಿಕೊಂಡಳು, ತನಗೇ ನೆನಪಿಲ್ಲವೇನೋ ಎಂಬಂತೆ. ಆಗ ಅವ್ವ ನಡುಮನೆಯಿಂದ ಹೊರಟು, ಪಡಸಾಲೆ ದಾಟಿ, ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಕಟ್ಟೆಗೆ ಬಂದಳು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವಳು ಒಮ್ಮೆಯೂ ಭಾವನ ಎದುರಿಗೆ ನಿಂತಿರಲಿಲ್ಲ. ಪುಸ್ತಕ ತೆಗೆದುಕೊಂಡಳು. ದೊಡ್ಡಪ್ಪ ಅಚ್ಚರಿಯಲ್ಲಿ ಬಿಟ್ಟುಕೊಟ್ಟ.

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒತ್ತಕ್ಷರ ಬಂದಲ್ಲಿ ನಿಂತು, ಬೆವತು, ಮತ್ತೆ ಮುಂದುವರಿದಳು. ದೊಡ್ಡಪ್ಪ ಒಳಗೆ ನಡಿ ಎಂದ. ಎರಡನೆಯ ಸಲವೂ ಅಂದ. ಅವ್ವ ತನ್ನ ಹೆಸರು ಬರುವ ತನಕ ನಿಲ್ಲಿಸಲಿಲ್ಲ.

"ನನ್ನ ಹೆಸರೂ ಐತ್ರಿ ಇದರಾಗ. ನಾ ಹೋಗಿಲ್ಲ. ಹುಸೇನಬಿ ಅಕ್ಕಾರ, ನೀವೂ ಹೋಗಿಲ್ಲ."

ಬರೆದವರು ಯಾರು ಎಂದು ಹುಸೇನಬಿ ಕೇಳಿದಳು. ಅವ್ವ ಪುಸ್ತಕ ಮುಚ್ಚಿದಳು. ಅವಳು ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವಳು ಪಡುತ್ತಿದ್ದ ಕಷ್ಟ ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ನಾನು ಹೊರಗೆ ಬಂದು, ನಾನೇ ಬರೆದದ್ದು, ಬೆರಳುಗಳೂ ನನ್ನವೇ ಎಂದೆ. ರಜಿಯಾ ನನ್ನನ್ನು ಒಮ್ಮೆ ನೋಡಿ, ಕೊಡವನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು.

ಮರುದಿನದಿಂದ ನಮಗಿಬ್ಬರಿಗೂ ಹೊರಗಿನ ದಾರಿ ಮುಚ್ಚಿತು. ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಅಪ್ಪನನ್ನು ಮುನಿರಾಬಾದಿನಿಂದ ಕರೆಸಿದರು. ಅವನು ಅವ್ವನಿಗೆ, ಅಣ್ಣನ ಕಾಲು ಹಿಡಿದು ಮುಗಿಸಿಬಿಡು ಎಂದು ಬೇಡಿಕೊಂಡ. ಅವ್ವ ಹಿಡಿಯಲಿಲ್ಲ. ಅಪ್ಪ ಉಣ್ಣದೆ ಹೋದ. ನನ್ನನ್ನು ಶಾಲೆಯಿಂದ ಬಿಡಿಸಿದರು. ವಾರದ ನಂತರ ಮಾಸ್ತರರು ಹುಡುಕಿಕೊಂಡು ಬಂದಾಗ, ಹುಡುಗಿ ದೊಡ್ಡಾಕಿ ಆಗಿದ್ದಾಳೆ, ಇನ್ನು ಹೊರಗೆ ಕಳಿಸುವುದಿಲ್ಲ ಎಂದು ದೊಡ್ಡಪ್ಪ ಹೇಳಿದ್ದು ನಡುಮನೆಗೆ ಕೇಳಿಸಿತು. ನಾನು ದೊಡ್ಡಾಕಿ ಆಗಿರಲಿಲ್ಲ. ನನ್ನ ಮೈಯ ಬಗ್ಗೆ ಹೇಳಿದ ಆ ಸುಳ್ಳನ್ನು ಅಲ್ಲ ಎನ್ನಲು ನನಗೆ ಯಾವ ಬಾಯಿ ಇತ್ತು? ಊರಿನ ಬಗ್ಗೆ ನಾನು ಬರೆದದ್ದಕ್ಕೂ ಕೆಳಗಿನ ಓಣಿಯವರಿಗೆ ಹೀಗೇ ಆಗಿರಬೇಕು ಎಂದು ಆಗ ಮೊದಲ ಸಲ ಹೊಳೆಯಿತು. ಮಾಸ್ತರರು ತಿರುಗಿ ಹೋದರು. ಮೂರು ತಿಂಗಳು ನಾನು ಆ ಬೆಳಕಿಂಡಿಯ ಬಿಸಿಲು ನೆಲದ ಮೇಲೆ ತೆವಳುವುದನ್ನು ನೋಡಿದೆ. ಅವ್ವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವಳು ಮಾತ್ರ ಮನೆಯಲ್ಲಿ ಸಿಕ್ಕ ಅಕ್ಷರವನ್ನೆಲ್ಲ ಓದುತ್ತಿದ್ದಳು: ಕಡ್ಡಿಪೆಟ್ಟಿಗೆ, ಸಾಬೂನಿನ ಕಾಗದ, ನನ್ನ ಹಳೆಯ ಪಠ್ಯಪುಸ್ತಕ. ಪೌರನೀತಿಯ ಪಾಠವನ್ನು ನನ್ನಿಂದ ಎರಡು ಸಲ ಓದಿಸಿದಳು. ದೊಡ್ಡವ್ವ ಜೋಳ ಬೀಸುತ್ತ ಕೇಳುತ್ತಿದ್ದಳು. ಅಧ್ಯಕ್ಷರ ಕೆಲಸಗಳು ಎಂಬಲ್ಲಿ ಬೀಸುವುದನ್ನು ನಿಲ್ಲಿಸಿ, ಅಷ್ಟನ್ನು ಮತ್ತೊಮ್ಮೆ ಓದು ಎಂದಳು.

ಹುಸೇನಬಿ ಮತ್ತು ಇನ್ನಿಬ್ಬರು ಯಲಬುರ್ಗಾದ ತಾಲೂಕು ಕಚೇರಿಗೆ ಮೂರು ಸಲ ನಡೆದು ಬಂದರಂತೆ. ಮೂರನೆಯ ಸಲ ಮಾಸ್ತರರು ಅರ್ಜಿ ಬರೆದುಕೊಟ್ಟರಂತೆ. ಕೊನೆಗೆ ಒಬ್ಬ ಅಧಿಕಾರಿ ಬಂದು ಶಾಲೆಯ ಅಂಗಳದಲ್ಲಿ ನಿಜವಾದ ಗ್ರಾಮಸಭೆ ಕೂಡಿಸಿದರು. ಅಧ್ಯಕ್ಷೆ ಇರಲೇಬೇಕೆಂದು ಹೇಳಿಕಳಿಸಿದ್ದರಿಂದ ದೊಡ್ಡವ್ವ ಇಳಕಲ್ ಸೀರೆ ಉಟ್ಟು ದೊಡ್ಡಪ್ಪನ ಹಿಂದೆ ಹೋದಳು. ನಾವಿಬ್ಬರು ಮನೆಯಲ್ಲೇ. ಅಲ್ಲಿ ನಡೆದದ್ದನ್ನು ಆಮೇಲೆ ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಮಧ್ಯಾಹ್ನದ ತನಕ ವಾದ ನಡೆಯಿತು. ಕಾರ್ಯದರ್ಶಿ ಠರಾವು ಬರೆದರು. ಶಾಯಿ ಪ್ಯಾಡನ್ನು ದೊಡ್ಡವ್ವನ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ. ಅಧಿಕಾರಿ, ಒತ್ತಿರಿ ಅಮ್ಮಾ ಎಂದರು.

"ಏನ್ ಬರದೈತಿ ಅಂತ ನಮ್ಮ ಶಾಂತವ್ವ ಬಂದು ಓದಿ ಹೇಳ್ಲಿ. ಆಮ್ಯಾಲ ಒತ್ತತೀನಿ."

ದೊಡ್ಡಪ್ಪ ಎದ್ದು ಹೊಲದ ಕಡೆ ಹೋದನಂತೆ. ಬೀಗ ತೆಗೆದವರು ಮಾಸ್ತರರು, ಕೀಲಿಕೈ ಕೊಟ್ಟವಳು ದೊಡ್ಡವ್ವ. ಅವ್ವನ ಹಿಂದೆ ನಾನೂ ಹೋದೆ. ಮೂರು ತಿಂಗಳ ನಂತರ ಬಿಸಿಲಿಗೆ ಬಂದು ಕಣ್ಣು ಬಿಡಲಾಗಲಿಲ್ಲ. ಒಂದು ಪುಟ ಓದಲು ಅವ್ವನಿಗೆ ಅರ್ಧ ಗಂಟೆ ಹಿಡಿಯಿತು. ನಾನು ಓದಲೇ ಎಂದು ಅಧಿಕಾರಿ ನಡುವೆ ಕೇಳಿದರು. ಬೇಡ್ರಿ, ಅಕಿನ ಓದ್ಲಿ, ನಮಗೇನೂ ಅವಸರಿಲ್ಲ ಎಂದಳು ಹುಸೇನಬಿ. ಊರೆಲ್ಲ ಬಿಸಿಲಿನಲ್ಲಿ ಕೂತು ಕೇಳಿತು. ಒಂದು ಸಾಲಿಗೆ ಬಂದು ಅವ್ವ ಓದುವುದನ್ನು ನಿಲ್ಲಿಸಿ, ಇದನ್ನು ಯಾರು ಹೇಳಿದರು ಎಂದು ಕೇಳಿದಳು. ಯಾರೂ ಹೇಳಿರಲಿಲ್ಲ. ಕಾರ್ಯದರ್ಶಿ ಆ ಸಾಲನ್ನು ಹೊಡೆದು ಹಾಕಿದರು. ಹಿಂದಿನ ಐದು ಸಭೆಗಳ ಬಗ್ಗೆ ವಿಚಾರಣೆ ಏನೂ ಆಗಲಿಲ್ಲ. ಬರೆದವಳು ಚಿಕ್ಕ ಹುಡುಗಿ, ಕೈತಪ್ಪಾಗಿದೆ ಎಂದು ಮೇಲಿನವರಿಗೆ ವರದಿ ಹೋಯಿತು ಎಂದು ಕೇಳಿದೆ. ಹಾಗೆ ಇನ್ನೊಂದು ಸುಳ್ಳು ನನ್ನ ಹೆಸರಿನಲ್ಲಿ ಉಳಿಯಿತು.

ಟಾಕಿ ಕೆಳಗಿನ ಓಣಿಗೆ ಹೋಯಿತು. ದೊಡ್ಡಪ್ಪ ಆಮೇಲೆ ನನ್ನನ್ನು ಪಡಸಾಲೆಗೆ ಕರೆಯಲಿಲ್ಲ, ಶಾಲೆಗೆ ಹೋಗಬೇಡ ಎಂದೂ ಅನ್ನಲಿಲ್ಲ. ಪರೀಕ್ಷೆ ತಪ್ಪಿ ಒಂದು ವರ್ಷ ಕಳೆದುಕೊಂಡಿದ್ದರಿಂದ ನಾನು ಚಿಕ್ಕವರ ಜೊತೆ ಮತ್ತೆ ಆರನೆಯದರಲ್ಲಿ ಕೂತೆ. ರಜಿಯಾ ಏಳನೆಯದಕ್ಕೆ ಹೋಗಿದ್ದಳು. ನಾನು ತಪ್ಪಾಯಿತು ಎಂದು ಹೇಳಲು ಎಷ್ಟೋ ಸಲ ಅವಳ ಓಣಿಯ ತನಕ ಹೋಗಿ ತಿರುಗಿ ಬಂದೆ. ಕೊನೆಗೊಂದು ರವಿವಾರ ಅವಳ ಮನೆಯ ಮುಂದೆಯೇ ಸಿಕ್ಕಿಬಿದ್ದೆ. ಅವಳು ಕೊಡ ಇಳಿಸಿ, ನಾನು ಹೇಳುವುದನ್ನೆಲ್ಲ ಕೇಳಿದಳು. ಆಯಿತು ಎನ್ನಲಿಲ್ಲ. ಗೆಳೆತನ ಮೊದಲಿನಂತೆ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

"ನಮ್ಮವ್ವನ ಹೆಸರು ನಿನಗ ಛಲೋ ಬರಿಯಾಕ ಬರ್ತದಲ್ಲ," ಎಂದಳು. "ಅಕಿಗೆ ಕಲಿಸು. ನನ್ನ ಮಾತು ಕೇಳಾಂಗಿಲ್ಲ ಅಕಿ."

ಹುಸೇನಬಿ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರವನ್ನು ಬದಿಗಿಟ್ಟು, ಸ್ವಲ್ಪ ಸರಿದು, ನನಗೆ ಕೂರಲು ಜಾಗ ಮಾಡಿದಳು. ರಜಿಯಾ ಒಳಗಿಂದ ಪಾಟಿ ತಂದು ನಮ್ಮಿಬ್ಬರ ನಡುವೆ ಇಟ್ಟಳು. ನಾನು ಹು ಬರೆದು ತೋರಿಸಿದೆ. ಹುಸೇನಬಿ ಬಳಪವನ್ನು ಸೌಟು ಹಿಡಿದ ಹಾಗೆ ಹಿಡಿದಳು. ಅವಳ ಕೈ ಹಿಡಿದು ತಿದ್ದಿಸಲು ಹೋದೆ. ಅವಳು ಕೈ ಬಿಡಿಸಿಕೊಂಡು, "ನೀ ಹಿಡಿಬ್ಯಾಡವ್ವಾ, ನಾನ ಬರೀತೀನಿ," ಎಂದಳು.